ರೇಷ್ಮೆ ಮನೆಯಲ್ಲಿ ಜಗಳವಿಲ್ಲ

ಜಗಳವಾಡುವ ದಂಪತಿಗಳಿಗೆ ಒಂದು ಅಭ್ಯಾಸ ಕಲಿಸುವುದು ನನ್ನ ಕೆಲಸ: ಒಬ್ಬರು ಮಾತಾಡಬೇಕು, ಇನ್ನೊಬ್ಬರು ಸುಮ್ಮನೆ ಕೇಳಬೇಕು. ಮನಶ್ಶಾಸ್ತ್ರದ ಸಂಶೋಧನೆಯಿಂದ ಬಂದದ್ದು ಅನ್ನೋ ಹೆಮ್ಮೆ ಬೇರೆ.

ಅದನ್ನೇ ಕಲಿಸಲು ಧನಗೆರೆ ಹಳ್ಳಿಗೆ ಹೋದರೆ, ಅಲ್ಲಿನ ಗಂಡ ಹೆಂಡತಿ ನನ್ನ ಕಾಲು ತೊಳೆಸಿ, ರೇಷ್ಮೆ ಹುಳು ಸಾಕುವ ಕೋಣೆಗೇ ಕರೆದೊಯ್ದರು. ತಂಪು ಮಬ್ಬಿನಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು, ಎಲ್ಲೋ ದೂರದಲ್ಲಿ ಸೋನೆ ಹಿಡಿದ ಹಾಗೆ. ಇಬ್ಬರೂ ಸೊಪ್ಪು ಹಾಸುತ್ತಾ, ಒಬ್ಬರಾದ ಮೇಲೊಬ್ಬರು ಪಿಸುಗುಟ್ಟುತ್ತಿದ್ದರು. ನನಗೆ ಜೋಂಪು ಹತ್ತುತ್ತಿತ್ತು.

“ನಿಮ್ಮಲ್ಲಿ ಜಗಳವೇ ಕಾಣ್ತಿಲ್ವಲ್ಲಮ್ಮ?” ಎಂದೆ.

“ಇಲ್ಲಿ ಜೋರಾಗಿ ಮಾತಾಡಂಗಿಲ್ಲ ಸಾ, ಹುಳ ಬೆದರ್ತವೆ. ಗೂಡು ಮಾರ್ಕೆಟ್ಟಿಗೆ ಹೋದ್ಮೇಲೆ ಬನ್ನಿ, ಆಗ ನೋಡೀರಂತೆ” ಎಂದರು ಆಕೆ.

ಗಂಡ ನನ್ನ ಕಿವಿಯ ಹತ್ತಿರ ಬಾಗಿದ. “ಅದ್ಕೇ ಸಾ, ಮುಂದಿನ ಬೆಳೆಗೆ ಹುಳದ ಮೊಟ್ಟೆ ಈಗ್ಲೇ ಯೋಳಿಟ್ಟಿವ್ನಿ.”

ಕೊಳ್ಳೇಗಾಲದ ಬಸ್ಸಿನಲ್ಲಿ ಕೂತಾಗ ನೆನಪಾಯಿತು, ಜೋರು ಮಾತಿಗೆ ಬೆದರಲು ನಮ್ಮ ಮನೆಯಲ್ಲಿ ಒಂದು ಬೆಕ್ಕೂ ಇಲ್ಲ.