ತೋರಣಗಲ್ಲಿಗೆ ಒಂದು ತಾಸು

ದೆವ್ವ, ಮಾಟ, ಸತ್ತವರು ಬಾಗಿಲು ಬಡಿಯುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ಕೆಲಸಕ್ಕಿದ್ದೆ. ಒಂದು ಬೆಳಿಗ್ಗೆ ಕುರುಗೋಡಿನಿಂದ ಬಸಣ್ಣನ ಫೋನು ಬಂತು. ಅವನು ನನ್ನ ದೊಡ್ಡವ್ವನ ಮಗ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಆ ದೊಡ್ಡವ್ವ. "ಲಗೂನ ಬಾರವ್ವ. ಅವ್ವ ಜೀವ ಹಿಡ್ಕೊಂಡು ಮಲಗ್ಯಾಳ. ನಿನ್ನ ಕೈಲೇ ಬಾಯಿಗೆ ನೀರು ಬೀಳೂತನಕ ಹೋಗಂಗಿಲ್ಲ ಅಂತಾಳ" ಅಂದ.

ಬಸ್ಸಾದರೆ ಇಡೀ ದಿನ ಬೇಕು. ತೋರಣಗಲ್ಲಿಗೆ ಸಣ್ಣ ವಿಮಾನವೊಂದಿತ್ತು. ಹಾರಾಟ ಒಂದು ತಾಸು, ಅಲ್ಲಿಂದ ಕುಡತಿನಿ ಮೇಲೆ ಕುರುಗೋಡಿಗೆ ಕಾರಿನಲ್ಲಿ ಇನ್ನೊಂದು ತಾಸು. ಆಫೀಸಿಗೆ ಹೋಗಿಬರುವಷ್ಟೇ ಹೊತ್ತು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡು ಹತ್ತಿದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ತೋರಣಗಲ್ಲಿನ ಮೇಲೆ ಮೋಡ ಕವಿದು ನೆಲವೇ ಕಾಣಲಿಲ್ಲ. ವಿಮಾನ ಸುತ್ತಿ ಸುತ್ತಿ, ಕೊನೆಗೆ ಇಳಿಯಲಾಗದೆ ಹೈದರಾಬಾದಿಗೇ ತಿರುಗಿತು. ಈ ಮೋಡದ ಕೆಳಗೇ ಎಲ್ಲೋ ದೊಡ್ಡವ್ವ ಬಾಯಿ ತೆರೆದುಕೊಂಡು ಮಲಗಿದ್ದಾಳೆ ಎಂದು ನೆನೆದು, ಪಕ್ಕದವರ ಪರಿವೆಯಿಲ್ಲದೆ ಅತ್ತುಬಿಟ್ಟೆ.

ಇಳಿದವಳೇ ಫೋನು ಮಾಡಿದೆ. "ಬಸಣ್ಣ, ಬರಾಕ ಆಗಲಿಲ್ಲೋ."

ಅವನು ನನ್ನನ್ನೇ ಕೇಳಿದ. "ಹಂಗ್ಯಾಕ ಅಂತಿ? ಆಗಲೇ ಬಂದು ನೀರು ಬಿಟ್ಟೆಲ್ಲ. ಅವ್ವ ಹೋದ್ಲು. ನೀನು ಎದ್ದು ಹೊರಗ ಹೋದಿ, ನಾವು ಹುಡುಕಾಕ ಹತ್ತೀವಿ. ಅಂದಂಗ, ಕೈಗೆ ಪಟ್ಟಿ ಯಾಕ ಕಟ್ಟಿದ್ದಿ?"

ಆ ಬೆಳಿಗ್ಗೆ ಅವಸರದಲ್ಲಿ ಚಹಾ ಚೆಲ್ಲಿಕೊಂಡು ಕೈ ಸುಟ್ಟು, ಪಟ್ಟಿ ಕಟ್ಟಿಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಕಾದವರು ಬರದೇ ಹೋದರೆ ಬೇರೆ ಯಾರಾದರೂ ನೀರು ಬಿಟ್ಟು, "ಇಕಾ, ಬಂದಾಳ ನೋಡು" ಎಂದು ಸಾಯುವವರಿಗೆ ಸಮಾಧಾನ ಹೇಳುವುದು ನಮ್ಮ ಕಡೆ ಉಂಟು. ಬಸಣ್ಣನೂ ಹಾಗೇ ಮಾಡಿ, ನಾನು ನೊಂದುಕೊಳ್ಳದಿರಲಿ ಎಂದು ನನಗೂ ಅದೇ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಆದರೆ ಪಟ್ಟಿಯ ವಿಷಯ? ಬಸ್ಸು ಹಿಡಿದು ಮರುದಿನ ಮಣ್ಣು ಮಾಡುವ ಹೊತ್ತಿಗೆ ಹೋದೆ. ಸಿರುಗುಪ್ಪದಿಂದ ಬಂದ ನೆಂಟರು, ನೆರೆಮನೆಯವರು ಎಲ್ಲರದೂ ಒಂದೇ ಮಾತು. ನಿನ್ನೆ ಬಂದವಳು ನೀನೇ. ಯಾರೊಡನೆಯೂ ಮಾತಾಡಲಿಲ್ಲ, ತಲೆಯೆತ್ತಿ ನೋಡಲಿಲ್ಲ. ವಿಮಾನ ತಿರುಗಿಹೋದದ್ದನ್ನು ಹೇಳಿದರೆ, ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಬೆನ್ನು ಸವರಿದರು.

ಸಂಜೆ ಬಸಣ್ಣನ ಹೆಂಡತಿ ನನ್ನ ಪಕ್ಕ ಕೂತು ಇನ್ನೊಂದು ಮಾತು ಹೇಳಿದಳು. "ನೀನು ಮನಸಿಗೆ ಹಚ್ಕೋಬ್ಯಾಡ. ನೀರು ಗುಟುಕರಿಸಿದ ಮ್ಯಾಲೆ ಅತ್ತಿ ಕಣ್ಣು ಬಿಟ್ರು. ನಿನ್ನ ಮಾರಿ ನೋಡಿ ಅಂಜಿ, 'ನೀ ಯಾರು? ನನ್ನ ಮಗಳೆಲ್ಲಿ?' ಅಂದ್ರು. ಗುರ್ತು ಹತ್ತಲಿಲ್ಲ ನೋಡು."

ಮನೆಯವರಿಗೆ ಅದು ಸಾಯುವ ಹೊತ್ತಿನ ಮರುಳು. ನಾನೂ ಹಾಗೆಂದು ನಂಬಲು ನೋಡಿದ್ದೇನೆ, ಆಗಿಲ್ಲ. ನನಗಾಗಿ ಜೀವ ಹಿಡಿದು ಕಾದವಳು ಕೊನೆಗೆ ಯಾರ ಕೈಯ ನೀರು ಕುಡಿದಳು?