ಹೆಸರಿಡಲಾಗದ ಸಾಲಿ

ಚಾಚಾ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಎಡಗಣ್ಣು ಮುಚ್ಚಿ ನೋಡುತ್ತಿದ್ದರು. ತಾವು ಹಾಸಿದ ಫರ್ಸಿ ಕಲ್ಲು ಸಮನಾಗಿ ಕೂತಿದೆಯೇ ಎಂದು ತಿಳಿಯಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಎದ್ದಾಗ ಕೆನ್ನೆಗೆ ಕಲ್ಲಿನ ಬೂದು ಪುಡಿ ಮೆತ್ತಿರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ. ವಾಡಿಯ ನಮ್ಮ ಓಣಿಯಲ್ಲಿ ಅರ್ಧ ಮನೆಗಳ ನೆಲ ಅವರ ಕೈಯದು.

ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ಮಗಳು ರಜಿಯಾ ಮತ್ತು ನಾನು ಏಳನೆಯ ತರಗತಿಯವರೆಗೆ ಒಂದೇ ಚಾಪೆಯ ಮೇಲೆ ಕೂತು ಓದಿದವರು. ನಮ್ಮ ನಾಡಿಗೆ ಮೈಸೂರು ರಾಜ್ಯವೆಂಬ ಹೆಸರೇ ಇದ್ದ ಕಾಲ ಅದು. ಹುಡುಗಿಗೆ ಏಳನೆಯದು ಮುಗಿಯಿತೆಂದರೆ ಓದೂ ಮುಗಿಯಿತೆಂದೇ ಎಲ್ಲರ ಎಣಿಕೆ. ಚಾಚಾನ ತಾಯಿ, ನಾವೆಲ್ಲ ದಾದಿ ಎಂದು ಕರೆಯುತ್ತಿದ್ದ ಅಜ್ಜಿ, ರಜಿಯಾಳಿಗೆ ಆಗಲೇ ಗಂಡು ನೋಡಿಟ್ಟಿದ್ದರು. ಮುಂದೆ ಓದಿಸುತ್ತೇನೆ ಎಂದು ಚಾಚಾ ಹೇಳಿದಾಗ ಅವರು ಬೇಡವೆನ್ನಲಿಲ್ಲ. "ಓದಸು. ಆದ್ರ ಹೆಸರಿಡ್ಲಿಕ್ಕ ಜಾಗಾ ಇಲ್ಲದಂಥಾ ಸಾಲಿ ಹುಡುಕು. ಜೂನ್‌ದೊಳಗ ಸಿಗಲಿಲ್ಲಂದ್ರ ನಿಕಾಹ್" ಎಂದರು. ನಮ್ಮಪ್ಪನ ತೀರ್ಮಾನ ಇನ್ನೂ ಸುಲಭದ್ದು. "ಅವರ ಹುಡುಗಿ ಹೋದ್ರ ನೀನೂ ಹೋಗು. ಇಲ್ಲಾಂದ್ರ ಇಬ್ಬರೂ ಮನ್ಯಾಗಿರ್ರಿ." ಹೀಗೆ ನನ್ನ ಹಣೆಬರಹವೂ ಚಾಚಾನ ಹೆಗಲೇರಿತು.

ಹೆಸರಿಡುವುದೆಂದರೆ ನಮ್ಮ ಕಡೆ ಕೊಂಕು ತೆಗೆಯುವುದು. ದಾದಿ ಅದರಲ್ಲಿ ಪಳಗಿದ ಕೈ. ಅವರು ಬಯಸಿದ ಸಾಲಿಯಲ್ಲಿ ಯಾರೂ ಬಡಿಯಬಾರದು, ಆದರೆ ಹುಡುಗಿ ಹೆದರಿಕೊಂಡೇ ಇರಬೇಕು. ಮಾಸ್ತರರ ಗಡ್ಡ ಬೆಳ್ಳಗಾಗಿರಬೇಕು, ಕಣ್ಣು ಮಾತ್ರ ಚುರುಕಾಗಿರಬೇಕು. ಮನೆಗೆ ತಂತಿ ಬಂದರೆ ಹುಡುಗಿ ಇಂಗ್ಲಿಷಿನಲ್ಲಿ ಓದಬೇಕು, ಅತ್ತೆಗೆ ಇಂಗ್ಲಿಷಿನಲ್ಲಿ ಎದುರಾಡಬಾರದು. ಹುಡುಗಿಯರು ರಸ್ತೆಯವರ ಕಣ್ಣಿಗೆ ಬೀಳಬಾರದು, ಅವರಿಗೆ ಗಾಳಿಯಂತೂ ಧಾರಾಳವಾಗಿ ಬರಬೇಕು. ಸುದ್ದಿ ಓಣಿಗೆಲ್ಲ ಹಬ್ಬಿತು. ಚಾಚಾ ಹೇಗೂ ಹೊರಟಿದ್ದಾರಲ್ಲ ಎಂದು ಉಳಿದ ತಂದೆ ತಾಯಿಗಳೂ ತಮ್ಮ ತಮ್ಮ ಆಸೆಗಳನ್ನು ಅವರ ತಲೆಗೆ ಕಟ್ಟಿದರು. "ಗಣಿತ ಚೊಲೊ ಕಲಸ್ಬೇಕು. ಆದ್ರ ಮನಿಗಿ ಬಂದು ಅಪ್ಪನ ಲೆಕ್ಕ ಕೇಳಬಾರ್ದು" ಎಂದರು ನಮ್ಮಪ್ಪ. ಅವ್ವನಿಗೆ ಬೇಕಾಗಿದ್ದದ್ದು ಮಧ್ಯಾಹ್ನ ಬಿಸಿ ರೊಟ್ಟಿ ಕೊಡುವ ಸಾಲಿ. ನನಗೆ ಈಗಲೂ ಬೆರಗಾಗುವುದು ಇದಕ್ಕೇ: ಚಾಚಾ ಯಾರನ್ನೂ ನೋಡಿ ನಗಲಿಲ್ಲ. "ಹೌದ್ರಿ, ಕೇಳ್ತೀನಿ" ಎಂದು ಪ್ರತಿಯೊಂದನ್ನೂ ನೆನಪಿಟ್ಟುಕೊಂಡರು.

ಕೆಲಸವಿಲ್ಲದ ದಿನ ನೋಡಿ ರೈಲು ಹತ್ತುತ್ತಿದ್ದರು. ಕಲಿಯುವವರು ನೋಡದೆ ಸಾಲಿ ಒಪ್ಪಬಾರದೆಂದು ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದರು. ಶಹಾಬಾದಿನ ಒಂದು ಸಾಲಿಯಲ್ಲಿ ಹೆಡ್ ಮಾಸ್ತರರ ಕೋಣೆಗೆ ಹೋದವರೇ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಬಿಟ್ಟರು. ಬವಳಿ ಬಂದು ಬಿದ್ದರೆಂದು ಹೆಡ್ ಮಾಸ್ತರರು ನೀರಿಗೆ ಓಡಿದರು. ಚಾಚಾ ಎದ್ದು, "ನೆಲ ಡೊಂಕ ಅದರಿ. ಊರ ತುಂಬ ಫರ್ಸಿ ಇಟ್ಕೊಂಡು ಹೀಂಗ್ಯಾಕ್ರಿ?" ಎಂದು ಬಹಳ ವಿನಯದಿಂದ ಕೇಳಿದರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಛಡಿ ಏಟಿನ ಸದ್ದು ಕೇಳಿಸಿತು. ನಾವು ಬಂದ ದಾರಿ ಹಿಡಿದೆವು. ಸೇಡಂನಲ್ಲಿ ಬೆಳ್ಳನೆಯ ಗಡ್ಡವೂ ಸಿಕ್ಕಿತು, ಚುರುಕು ಕಣ್ಣೂ ಸಿಕ್ಕಿತು. ಆದರೆ ಅಲ್ಲಿಂದ ಹಿಂದಿರುಗುವ ರೈಲು ಕತ್ತಲಾಗುವ ಮೊದಲು ವಾಡಿ ಮುಟ್ಟಿಸುತ್ತಿರಲಿಲ್ಲ. ದಾರಿಯುದ್ದಕ್ಕೂ ರಜಿಯಾ ಕಿಟಕಿಗೆ ಮುಖ ಮಾಡಿ ಅತ್ತಳು.

ಉಳಿದದ್ದು ಚಿತ್ತಾಪುರ. ಸ್ಟೇಷನ್ನಿನ ಹೊರಗೆ ಚಹಾದಂಗಡಿಯವನನ್ನು ಚಾಚಾ ಕೇಳಿದರು: "ಈ ಊರಾಗ ಚೊಲೊ ತಾಲೀಮ್ ಎಲ್ಲಿ ಸಿಗ್ತದರಿ?" ಅವರ ಮನೆಮಾತಿನಲ್ಲಿ ತಾಲೀಮ್ ಎಂದರೆ ವಿದ್ಯೆ. ಚಹಾದವನಿಗೆ ತಾಲೀಮೆಂದರೆ ಕುಸ್ತಿಯ ಗರಡಿಮನೆ. ಅವನು ಚಾಚಾನ ಹೆಗಲು ನೋಡಿದ, ತೋಳು ನೋಡಿದ, ಭಕ್ತಿಯಿಂದ ದಾರಿ ತೋರಿಸಿದ. ಹೋಗಿ ನೋಡಿದರೆ ಒಳಗೆ ಲಂಗೋಟಿ ಕಟ್ಟಿದವರು ಕೆಮ್ಮಣ್ಣು ಅಗೆಯುತ್ತಿದ್ದರು. ಚಾಚಾ ನಮ್ಮಿಬ್ಬರ ಮುಖವನ್ನು ಬೀದಿಯ ಕಡೆ ತಿರುಗಿಸಿ ನಿಲ್ಲಿಸಿದರು. ಅದು ಆಟದ ಪಿರಿಯಡ್ ಇರಬೇಕೆಂದುಕೊಂಡರಂತೆ.

"ಯಾರ್ನ ಸೇರಸ್ಬೇಕ್ರಿ?" ಎಂದಿತು ಒಳಗಿನಿಂದ ಗರಡಿಯ ಗುರು ಉಸ್ತಾದರ ದನಿ.

"ಈ ಇಬ್ಬರು ಹುಡುಗ್ಯಾರ್ನ."

ಅಗೆಯುವ ಸದ್ದು ನಿಂತಿತು.

"ಏಳನೇದು ಪಾಸ್ ಆಗ್ಯಾರ್ರಿ" ಎಂದು ಚಾಚಾ ಒತ್ತಿ ಹೇಳಿದರು.

ನಕ್ಕು ನಕ್ಕು ಸುಸ್ತಾದ ಮೇಲೆ ಉಸ್ತಾದರು ಚಹಾ ತರಿಸಿದರು. ಚಾಚಾಗೆ ಮುಜುಗರವೇ ಆಗಲಿಲ್ಲ. ಅವರ ಕಣ್ಣು ಆ ಮಣ್ಣಿನ ಮೇಲಿತ್ತು. "ಇಷ್ಟು ಮೆತ್ತನ್ನ ಮಣ್ಣು ಎಲ್ಲಿಂದ ತಂದ್ರಿ ಉಸ್ತಾದ್?" ಎಂದು ಕೇಳಿದರು.

"ಎಲ್ಲಿಂದೂ ತಂದಿಲ್ರಿ. ಇಲ್ಲಿದೇ. ಬಂದವರೇ ದಿನಾ ಅಗೀತೀವಿ. ನಾಕ್ ದಿನ ಬಿಟ್ರ ಕಲ್ಲ ಆಗ್ತದ."

ಕಳ್ಳಗಣ್ಣಿನಿಂದ ನಾನು ತಿರುಗಿ ನೋಡಿದೆ. ಚಾಚಾ ಚಹಾ ಕುಡಿಯುವುದನ್ನು ಮರೆತು ಕೂತಿದ್ದರು. ಕೊಂಕಿಲ್ಲದ ಸಾಲಿ ಹುಡುಕುವುದನ್ನು ಬಿಟ್ಟು, ಸಿಕ್ಕದ್ದನ್ನೇ ಹದ ಮಾಡಲು ಅವರು ಅಲ್ಲೇ ನಿಶ್ಚಯಿಸಿದರೆಂದು ನನಗೆ ತಿಳಿದದ್ದು ಆಮೇಲೆ.

ಉಸ್ತಾದರೇ ದಾರಿ ತೋರಿಸಿದ ಸಾಲಿಗೆ ಕಂಪೌಂಡ್ ಇರಲಿಲ್ಲ. ಹುಡುಗಿಯರ ಕೋಣೆಯ ನೆಲ ಗುಂಡಿ ಬಿದ್ದಿತ್ತು. ಹೆಡ್ ಮಾಸ್ತರರು ನುಣ್ಣಗೆ ಗಡ್ಡ ಹೆರೆದ ಹರೆಯದವರು. ಅವರೆದುರು ಚಾಚಾ ಓಣಿಯ ಬೇಡಿಕೆಗಳನ್ನೆಲ್ಲ ಒಪ್ಪಿಸಿದರು, ಬಿಸಿ ರೊಟ್ಟಿಯನ್ನೂ ಬಿಡಲಿಲ್ಲ.

"ಅಂಥಾ ಸಾಲಿ ಸ್ವರ್ಗದಾಗ ಇರಬೇಕ್ರಿ" ಎಂದರು ಹೆಡ್ ಮಾಸ್ತರರು.

"ಅಲ್ಲಿಗಿ ಹೋಗ್ಲಿಕ್ಕ ಇನ್ನಾ ಟೈಮ್ ಅದರಿ ಸಾಹೇಬ್ರ. ಹುಡುಗ್ಯಾರಿಗಿ ಜೂನ್‌ದಾಗ ಬೇಕು." ಚಾಚಾ ಮತ್ತೆ ಕೇಳಿದರು: "ಮಕ್ಕಳಿಗಿ ಬಡೀತೀರೇನ್ರಿ?"

"ಇಲ್ಲ."

"ಹಂಗಿದ್ರ ಉಳಿದದ್ದು ನಾ ನೋಡ್ತೀನಿ."

ಆ ಬೇಸಿಗೆಯನ್ನು ನಾನು ಮರೆಯಲಾರೆ. ಚಿತ್ತಾಪುರದ ಹತ್ತಿರದ ಗಣಿಯವರನ್ನು ಕಾಡಿ ಬೇಡಿ ಚಾಚಾ ಒಡಕು ಫರ್ಸಿಗಳನ್ನು ತಂದರು. ತಾಲೀಮಿನ ಪೈಲ್ವಾನರು ಅವನ್ನು ಹೊತ್ತು ಹಾಕಿದರು. ಮುಟ್ಟಿದರೆ ಕೈ ಸುಡುವ ಕಲ್ಲುಗಳನ್ನು ಒಂದೊಂದಾಗಿ ನೆಟ್ಟಗೆ ಹೂಳಿ ನಿಲ್ಲಿಸಿ ಸಾಲಿಯ ಸುತ್ತ ಗೋಡೆ ಮಾಡಿದರು. ಗಾಳಿ ಬರಲೆಂದು ಮೇಲೆ ಹುಷಾರಾಗಿ ಸಂದು ಬಿಟ್ಟರು. ಕೋಣೆಯ ನೆಲವನ್ನು ಅಗೆದು ಹೊಸದಾಗಿ ಹಾಸಿದರು. ನಾನು, ರಜಿಯಾ ನೀರು ಹೊತ್ತೆವು. ಒಬ್ಬ ಮನುಷ್ಯ ತಾಯಿಗೆ ಎದುರಾಡದೆ, ಊರವರ ಮೇಲೆ ರೇಗದೆ, ಅಸಾಧ್ಯವಾದ ಮಾತನ್ನು ಹೀಗೆ ಕೈಯಿಂದ ಮಾಡಿ ಮುಗಿಸಲು ಸಾಧ್ಯವೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಜೂನ್ ಹತ್ತಿರ ಬಂದಾಗ ದಾದಿ ಖುದ್ದಾಗಿ ನೋಡಲು ಬಂದರು. ರಜಿಯಾ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ದಾದಿ ಗೋಡೆ ಮುಟ್ಟಿ ನೋಡಿ ಒಳಗೆ ನಡೆದರು. ಹೆಡ್ ಮಾಸ್ತರರು ಗಡ್ಡ ಬಿಟ್ಟಿದ್ದರು. ಬೇಕೆಂದೇ ಬಿಟ್ಟರೋ, ತೆಗೆಯಲು ಪುರಸೊತ್ತಾಗಲಿಲ್ಲವೋ ಕೇಳುವ ಧೈರ್ಯ ನಮಗಿರಲಿಲ್ಲ.

"ಗಡ್ಡ ಕರ್ರಗದ" ಎಂದರು ದಾದಿ.

"ಇಂಥಾ ಹುಡುಗ್ಯಾರು ಬಂದ್ರ ಲಗೂನೇ ಬೆಳ್ಳಗ ಆಗ್ತದರಿ ಅಮ್ಮಾ."

ದಾದಿ ನಗಲಿಲ್ಲ. ಕೋಣೆಯ ನಡುವೆ ಕೂತು ನೆಲದ ಮೇಲೆ ಅಂಗೈ ಆಡಿಸಿದರು. ಪೈಲ್ವಾನರು ಬಾಗಿಲಲ್ಲಿ ಗುಂಪುಗೂಡಿ ಇಣುಕುತ್ತಿದ್ದರು. ದಾದಿಯ ಬಾಯಿಂದ ಒಂದು ಕೊಂಕು ಹೊರಬಿದ್ದರೆ ನಮ್ಮಿಬ್ಬರ ಕಥೆ ಮುಗಿದಂತೆ.

"ಇದು ಯಾರ ಕೈದು?"

"ನಂದೇ ಅಮ್ಮೀ."

ದಾದಿ ಮಗನ ಒಡೆದ ಬೆರಳುಗಳನ್ನು ನೋಡಿದರು. ಅಷ್ಟು ಜನರನ್ನೂ ನೋಡಿದರು. "ನನ್ನ ಮಗಾ ಹಾಸಿದ ನೆಲಕ್ಕ ನಾ ಹ್ಯಾಂಗ ಹೆಸರಿಡ್ಲಿ? ಹೋಗ್ಲಿ ಬಿಡು ಹುಡುಗ್ಯಾರು" ಎಂದು ಸೆರಗು ಸರಿಮಾಡಿಕೊಂಡು ಎದ್ದರು.

ಸಾಲಿ ಆಮೇಲೂ ಸೋರುತ್ತಿತ್ತು. ಬಿಸಿ ರೊಟ್ಟಿ ಕೊನೆಗೂ ಸಿಗಲಿಲ್ಲ. ಮಳೆಗಾಲ ಮುಗಿದ ಮೇಲೆ ಚಾಚಾ ತಪ್ಪದೆ ಬಂದು ವಾಲಿದ ಕಲ್ಲುಗಳನ್ನು ನೆಟ್ಟಗೆ ಮಾಡಿ ಹೋಗುತ್ತಿದ್ದರು. ನಾವಿಬ್ಬರೂ ಮ್ಯಾಟ್ರಿಕ್ ಪಾಸಾದೆವು. ರಜಿಯಾ ನರ್ಸ್ ಆದಳು, ನಾನು ಟೀಚರ್ ಆದೆ. "ನಾನೇ ಓದಿಸ್ದೆ" ಎಂದು ನಮ್ಮಪ್ಪ ಬಜಾರಿನ ತುಂಬ ಹೇಳಿಕೊಂಡು ತಿರುಗಿದರು. ಪಕ್ಕದಲ್ಲೇ ಇದ್ದ ಚಾಚಾ, "ಹೌದ್ರಿ, ಅವರೇ" ಎಂದು ತಲೆಯಾಡಿಸುತ್ತಿದ್ದರು. ಎಷ್ಟೋ ಸಲ ನನಗೆ ಅಪ್ಪನ ಮೇಲೆ ಸಿಟ್ಟು ಬಂದಿದೆ.

ಚಾಚಾ ತೀರಿಕೊಂಡ ಸುದ್ದಿ ತಲುಪಿ ನಾನು ವಾಡಿಗೆ ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು. ನಮ್ಮಪ್ಪ ಕೈಗೆ ಅಂಟಿದ ಮಣ್ಣನ್ನೂ ತೊಳೆಯದೆ ಕಟ್ಟೆಯ ಮೇಲೆ ಕೂತಿದ್ದರು. ಅವರ ಕಣ್ಣುಗಳು ಕೆಂಪಾಗಿದ್ದವು. ಪರವೂರಿಂದ ಬಂದ ಯಾರೋ ಒಬ್ಬರು, "ಹೋದವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು.

ಅಪ್ಪ ನನ್ನ ಕಡೆ ಕೈ ತೋರಿಸಿದರು. "ಈಕೀನ್ನ ಓದಿಸ್ದವರು ಅವರೇ ನೋಡ್ರಿ" ಎಂದರು.