ಮಧ್ಯಾಹ್ನದ ನಿದ್ದೆಗೆ ತೀರಿಸಿಕೊಂಡ ಸೇಡು

ಮಧ್ಯಾಹ್ನದ ಮಂಪರು ಓಡಿಸಲು ಜನ ಏನೇನೋ ಮದ್ದು ಹೇಳುತ್ತಾರೆ. ಕಾಫಿ ಕುಡಿ, ಕಣ್ಣಿಗೆ ನೀರು ಚಿಮುಕಿಸು, ಒಂದು ಸುತ್ತು ನಡೆದು ಬಾ. ಎಲ್ಲವನ್ನೂ ಮಾಡಿ ನೋಡಿದವನು ನಾನು. ಒಬ್ಬ ಮನುಷ್ಯನನ್ನು ಮನಸಾರೆ ದ್ವೇಷಿಸುವುದಕ್ಕೆ ಸಮನಾದ ಮದ್ದು ಇನ್ನೊಂದಿಲ್ಲ. ನನ್ನ ಪಾಲಿಗೆ ಆ ಮನುಷ್ಯ ನಮ್ಮ ಆಫೀಸಿನ ಹೆಡ್ ಕ್ಲರ್ಕ್.

ಎಪ್ಪತ್ತರ ದಶಕದ ಕೊನೆಯ ಮಾತು. ಕದ್ರಿ ಗುಡ್ಡದ ಇಳಿಜಾರಿನಲ್ಲಿ, ಗೇರುಬೀಜವನ್ನು ಪರದೇಶಕ್ಕೆ ಕಳಿಸುವ ವ್ಯಾಪಾರಿಯೊಬ್ಬರ ಆಫೀಸು. ನಾನು ಅಲ್ಲಿ ಡಿಸ್ಪ್ಯಾಚ್ ಗುಮಾಸ್ತ. ಹೊರಗೆ ಹೋಗುವ ಕಾಗದಗಳಿಗೆ ನಂಬರು ಹಾಕಿ, ಮುದ್ರೆ ಒತ್ತಿ, ಅಂಚೆಗೆ ಕೊಟ್ಟು ಬರುವುದು ನನ್ನ ಕೆಲಸ. ಆಗಿನ ಮಂಗಳೂರಿನಲ್ಲಿ ಮಧ್ಯಾಹ್ನ ಬಾಗಿಲು ಹಾಕುವುದು ರೂಢಿ. ನಮ್ಮ ಆಫೀಸು ಒಂದು ಗಂಟೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಎರಡೂವರೆಗೆ. ಆಮೇಲೆ ಸಂಜೆ ಆರೂವರೆಯವರೆಗೆ ಕೆಲಸ. ಹತ್ತಿರ ಮನೆ ಇದ್ದವರು ಹೋಗಿ ಉಂಡು, ಒಂದು ಗಳಿಗೆ ಅಡ್ಡಾಗಿ ಬರುತ್ತಿದ್ದರು. ನನ್ನ ಬಾಡಿಗೆ ಕೋಣೆ ಇದ್ದದ್ದು ಕುದ್ರೋಳಿಯಲ್ಲಿ. ಬಿಸಿಲಲ್ಲಿ ಅಷ್ಟು ದೂರ ಹೋಗಿ ಬರುವ ಹುಚ್ಚು ನನಗಿರಲಿಲ್ಲ. ಪಕ್ಕದ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನವನ್ನು ಹೊಟ್ಟೆ ಬಿರಿಯುವಂತೆ ಉಂಡು ಬಂದು, ಆಫೀಸಿನ ಬೀಗ ತೆಗೆದು, ನನ್ನ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಷ್ಟು ಹೊತ್ತೂ ಬಾರದ ನಿದ್ದೆ ಸರಿಯಾಗಿ ಮೂರು ಗಂಟೆಗೆ, ಕೆಲಸ ಶುರುವಾದ ಮೇಲೆ, ಹೇಳಿ ಕಳಿಸಿದ ಹಾಗೆ ಬರುತ್ತಿತ್ತು.

ಹೆಡ್ ಕ್ಲರ್ಕರ ಮನೆ ಅಲ್ಲಿಂದ ಕೂಗಳತೆ ದೂರದಲ್ಲಿ. ಒಂದು ಕಾಲದಲ್ಲಿ ಗದ್ದೆ, ಗೇಣಿ ಎಲ್ಲ ಇದ್ದ ಮನೆತನದವರು. ಗದ್ದೆ ಹೋಗಿದ್ದರೂ ಗತ್ತು ಹೋಗಿರಲಿಲ್ಲ. ಮನೆಗೆ ಹೋಗಿ ಬಂಗುಡೆ ಮೀನಿನ ಸಾರಿನಲ್ಲಿ ಊಟ ಮಾಡಿ, ಫ್ಯಾನಿನ ಕೆಳಗೆ ಒಂದು ಗಂಟೆ ಗೊರಕೆ ಹೊಡೆದು, ಮುಖ ತೊಳೆದು ಪೌಡರು ಹಾಕಿಕೊಂಡು, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಎರಡೂವರೆಗೆ ಬರುತ್ತಿದ್ದರು. ಮೂರು ಗಂಟೆಯಾಗುತ್ತಲೇ ನನ್ನ ಕಣ್ಣನ್ನು ಪರೀಕ್ಷೆ ಮಾಡುತ್ತಿದ್ದರು. "ಎಂತ ಮಾರಾಯ್ರೆ, ಎಣ್ಣೆ ಮುಗಿಯಿತಾ? ದೀಪ ಸಣ್ಣ ಆಗ್ತಾ ಉಂಟು." ಉಳಿದವರು ನಗುತ್ತಿದ್ದರು. ತಾನು ಹಾಸಿಗೆಯಲ್ಲಿ ಹೊರಳಿ ಬಂದವನು, ಹಾಸಿಗೆ ಇಲ್ಲದವನ ತೂಕಡಿಕೆಯನ್ನು ಕಂಡು ನಗುವುದು ಎಂಥ ನ್ಯಾಯ?

ಒಂದು ಏಪ್ರಿಲ್ ಮಧ್ಯಾಹ್ನ, ಗಾಳಿಯೇ ಇಲ್ಲದ ಸೆಕೆಯಲ್ಲಿ, ಕುರ್ಚಿಗೆ ತಲೆ ಒರಗಿಸಿ ನಾನು ನಿಜವಾಗಿಯೂ ಮಲಗಿಬಿಟ್ಟೆ. ಎಚ್ಚರವಾದಾಗ ನಾಲ್ಕು ಗಂಟೆ. ಯಾರೂ ಏನೂ ಹೇಳಲಿಲ್ಲ. ಬದುಕಿದೆ ಎಂದುಕೊಂಡು ಕಾಗದಗಳ ಕಟ್ಟು ಹಿಡಿದು ಅಂಚೆ ಕಚೇರಿಗೆ ನಡೆದೆ. ದಾರಿಯಲ್ಲಿ ಎದುರಾದವರು ನನ್ನನ್ನು ನೋಡಿ ತುಟಿ ಕಚ್ಚಿಕೊಳ್ಳುತ್ತಿದ್ದರು. ಕೌಂಟರಿನವನು ಕಾಗದ ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿ, "ನಿಮ್ಮನ್ನು ಎಲ್ಲಿಗೆ ಕಳಿಸುವುದು ಮಾರಾಯ್ರೆ? ಸ್ಟಾಂಪು ಅಂಟಿಸಲಿಲ್ಲವಲ್ಲ" ಎಂದ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ನನ್ನದೇ ಮೇಜಿನ ಮುದ್ರೆ, ನೇರಳೆ ಶಾಯಿಯಲ್ಲಿ, ಹಣೆಯ ನಟ್ಟನಡುವೆ. ಒತ್ತಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಆ ಶಾಯಿ ಹೋಗಲು ಎರಡು ದಿನ ಬೇಕಾಯಿತು. ಕೋಣೆಯಲ್ಲಿ ಸೀಮೆಎಣ್ಣೆ ಹಚ್ಚಿ ಹಣೆ ಉಜ್ಜುತ್ತಾ ಒಂದೇ ಒಂದು ನಿಶ್ಚಯ ಮಾಡಿಕೊಂಡೆ: ಈ ಮನುಷ್ಯ ಎಲ್ಲರ ಎದುರು, ತನ್ನ ಕುರ್ಚಿಯಲ್ಲೇ, ತೂಕಡಿಸಬೇಕು, ಅದನ್ನು ನಾನು ನೋಡಬೇಕು. ತಾಳಿದವನು ಬಾಳಿಯಾನು ಅನ್ನುತ್ತಾರೆ. ನಾನು ತಾಳಿಕೊಂಡದ್ದು ಬಾಳುವುದಕ್ಕಲ್ಲ.

ಅದಕ್ಕೆ ಮೊದಲು ನನ್ನ ನಿದ್ದೆ ಸಾಯಬೇಕಿತ್ತು. ನಮ್ಮಲ್ಲಿ ಮೂರು ಗಂಟೆಗೂ ಕಣ್ಣು ಮಿನುಗುತ್ತಿದ್ದವರು ಒಬ್ಬರೇ, ನಮ್ಮ ಟೈಪಿಸ್ಟ್. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಎಲ್ಲರೂ ಅವರನ್ನು ಬಾಯಿ ಎಂದು ಕರೆಯುತ್ತಿದ್ದೆವು. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ ಮತ್ತು ಐದು ತಿಂಗಳ ಕೂಸು. ಮಧ್ಯಾಹ್ನ ಒಂದಾದ ಕೂಡಲೇ ಮಗುವಿಗೆ ಹಾಲೂಡಿಸಲು ಛತ್ರಿ ಹಿಡಿದು ಇಳಿಜಾರಿನಲ್ಲಿ ಓಡುತ್ತಿದ್ದರು, ಎರಡೂವರೆಗೆ ಏರು ಹತ್ತಿ ಬರುತ್ತಿದ್ದರು. ರಾತ್ರಿಯೂ ಮಗು ಸರಿಯಾಗಿ ಮಲಗಲು ಬಿಡುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಆದರೂ ಅವರ ಬೆರಳು ಮೂರು ಗಂಟೆಗೆ ಬೆಳಗಿನಷ್ಟೇ ಚುರುಕು.

ಗುಟ್ಟು ಏನೆಂದು ಕೇಳಿದೆ.

"ಗುಟ್ಟು ಎಂತ ಮಣ್ಣು! ನೀವು ಮಧ್ಯಾಹ್ನ ಉಣ್ಣುವ ಸುದ್ದಿ ಕೇಳಿದರೆ ನನಗೇ ನಿದ್ದೆ ಬರ್ತದೆ" ಎಂದರು. "ಬೆಳಗ್ಗೆ ಹೊಟ್ಟೆ ತುಂಬ ಗಂಜಿ ಕುಡಿಯಿರಿ. ಮಧ್ಯಾಹ್ನ ಅರ್ಧ ಹೊಟ್ಟೆ ಸಾಕು, ಮಜ್ಜಿಗೆ ಜಾಸ್ತಿ ಇರಲಿ. ಉಂಡು ಕೂರಬೇಡಿ. ಹತ್ತು ನಿಮಿಷ ಕಣ್ಣು ಮುಚ್ಚಿ, ಹನ್ನೊಂದನೇ ನಿಮಿಷಕ್ಕೆ ಏಳಿ. ಮತ್ತೆ ಕಾಲಿಗೆ ತಣ್ಣೀರು ಹಾಕಿ, ಮುಖಕ್ಕಲ್ಲ, ಕಾಲಿಗೆ. ಮೂರು ಗಂಟೆಗೆ ಚಾ ಬೇಡ. ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ನಿಂತು ಮಾಡುವ ಕೆಲಸ ಎಂತ ಉಂಟೋ ಅದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ."

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದನ್ನು ಕೇಳಿದ್ದೆ, ನಿದ್ದೆಯೂ ಇಲ್ಲ ಎಂಬುದು ಬಾಯಿಯವರಿಂದ ತಿಳಿಯಿತು. ಮೊದಲ ವಾರ ಹಸಿವಿನಲ್ಲಿ ತಲೆ ಸುತ್ತಿತು. ಹೆಡ್ ಕ್ಲರ್ಕರ ಪೌಡರು ಬಳಿದ ಮುಖ ನೆನೆದು ಹಲ್ಲು ಕಚ್ಚಿಕೊಂಡೆ. ಎರಡನೆಯ ವಾರ ಹೋಟೆಲಿನಿಂದ ಬರುವಾಗ ಕದ್ರಿ ದೇವಸ್ಥಾನದ ಕಡೆಗೆ ಒಂದು ಸುತ್ತು ನಡೆದು ಬಂದೆ. ಬಾವಿಕಟ್ಟೆಯಲ್ಲಿ ಕಾಲಿಗೆ ನೀರು ಹೊಯ್ದುಕೊಂಡೆ. ಲಕೋಟೆ ವಿಂಗಡಿಸುವ ಕೆಲಸವನ್ನು ಮೂರು ಗಂಟೆಗೆ ನಿಂತುಕೊಂಡೇ ಮಾಡತೊಡಗಿದೆ. ಮಳೆಗಾಲ ಬರುವಷ್ಟರಲ್ಲಿ ನನಗೆ ಮಧ್ಯಾಹ್ನವೂ ಬೆಳಗಿನಂತೆಯೇ ಆಗಿಹೋಗಿತ್ತು. ಹೆಡ್ ಕ್ಲರ್ಕರು ಮೂರು ಗಂಟೆಗೆ ನನ್ನತ್ತ ನೋಡಿದರೆ ನಾನು ಕಣ್ಣು ಪಿಳುಕಿಸದೆ ಅವರನ್ನೇ ನೋಡುತ್ತಿದ್ದೆ. ತಮಾಷೆ ಮಾಡಲು ಏನೂ ಸಿಗದೆ ಅವರು ಎಲೆಯಡಿಕೆ ಉಗುಳಲು ಹೊರಗೆ ಹೋಗುತ್ತಿದ್ದರು.

ಬಾಗಿಲು ಮುಚ್ಚಿದ ಒಂದೂವರೆ ಗಂಟೆಯಲ್ಲಿ ಟೆಲಿಫೋನು ಸುಮ್ಮನಿರುತ್ತಿರಲಿಲ್ಲ. ಬೊಂಬಾಯಿಯಿಂದ ಟ್ರಂಕ್ ಕಾಲ್ ಬರುತ್ತಿತ್ತು. ನಾನೇ ಎತ್ತಿಕೊಂಡು, ಹೇಳಿದ್ದನ್ನು ಬರೆದಿಟ್ಟು, ಸುರತ್ಕಲ್ ಕಡೆಯ ಫ್ಯಾಕ್ಟರಿಯಿಂದ ಮೂರು ಗಂಟೆಗೆ ಬರುವ ಧಣಿಗಳ ಕೈಗೆ ಕೊಡುತ್ತಿದ್ದೆ. ಒಂದು ದಿನ ಅವರು ನನ್ನನ್ನು ಒಳಗೆ ಕರೆದು, "ಈ ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ಜನ ಇರುವ ಹಾಗೆ ಎಂತ ಮಾಡಬಹುದು?" ಎಂದು ಕೇಳಿದರು.

ಮೂರು ತಿಂಗಳಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡದ್ದನ್ನು ಹೇಳಿದೆ. ಮಧ್ಯಾಹ್ನ ಬಾಗಿಲು ಹಾಕುವುದೇ ಬೇಡ. ಊಟಕ್ಕೆ ಅರ್ಧ ಗಂಟೆ, ಎಲ್ಲರೂ ಬುತ್ತಿ ತರಲಿ, ಸಂಜೆ ಐದೂವರೆಗೆ ಬಿಡೋಣ. ಹೆಡ್ ಕ್ಲರ್ಕರು ಹಿರಿತನದ ನೆಪ ಹೇಳಿ ತಮಗೊಂದು ರಿಯಾಯಿತಿ ಗಿಟ್ಟಿಸಿಕೊಂಡರೆ ನನ್ನ ಕೆಲಸ ಕೆಡುತ್ತಿತ್ತು. ಅದಕ್ಕೆ ಇನ್ನೊಂದು ಮಾತು ಸೇರಿಸಿದೆ: "ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ ಧಣಿ. ಮಾಡುವುದಾದರೆ ಎಲ್ಲರಿಗೂ ಒಂದೇ." ಧಣಿಗಳು ತಲೆಯಾಡಿಸಿದರು.

ಸೋಮವಾರದಿಂದ ಹೊಸ ಕ್ರಮ ಬಂತು. ಸಂಜೆ ಬೇಗ ಬಿಡುತ್ತಾರೆಂದು ಉಳಿದವರಿಗೆ ಖುಷಿಯೋ ಖುಷಿ. ಹೆಡ್ ಕ್ಲರ್ಕರಿಗೆ ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರು ಬಂತು. ಕಡಿಮೆ ಉಣ್ಣುವುದು ಆ ಮನೆತನಕ್ಕೆ ಗೊತ್ತಿರಲಿಲ್ಲ. ಅನ್ನ, ಬಂಗುಡೆ, ಪಲ್ಯ, ಮೊಸರು ಎಲ್ಲವನ್ನೂ ಮುಗಿಸಿ, ಕೈ ತೊಳೆದು, ಮನೆಯ ಹಾಸಿಗೆ ಇದ್ದ ದಿಕ್ಕಿಗೆ ಒಮ್ಮೆ ನೋಡಿ ಕುಳಿತರು. ಮೊದಲ ದಿನ ಕಣ್ಣುಜ್ಜಿದರು. ಎರಡನೆಯ ದಿನ ಪೆನ್ನು ಕೆಳಗೆ ಬಿತ್ತು. ಮೂರನೆಯ ದಿನ, ಮೂರು ಗಂಟೆ ಹತ್ತು ನಿಮಿಷಕ್ಕೆ, ಅವರ ಗಲ್ಲ ಎದೆಗೆ ಇಳಿಯಿತು. ತೆರೆದ ಬಾಯಿಂದ ಎಲೆಯಡಿಕೆಯ ಕೆಂಪು ರಸ ಬಿಳಿ ಅಂಗಿಯ ಮೇಲೆ ಜಾರಿತು.

ನಾನು ಅವಸರ ಮಾಡಲಿಲ್ಲ. ಒಂದು ಕಾಗದ ಹಿಡಿದು ಧಣಿಗಳ ಕೋಣೆಗೆ ಹೋಗಿ, ಇದಕ್ಕೆ ಹೆಡ್ ಕ್ಲರ್ಕರ ಸಹಿ ಬೇಕು, ಅವರನ್ನು ಎಬ್ಬಿಸಲು ನನಗೆ ಸಂಕೋಚವಾಗುತ್ತದೆ ಎಂದೆ. ಧಣಿಗಳೇ ಎದ್ದು ಬಂದರು. ಮೇಜಿನ ಎದುರು ಒಂದು ನಿಮಿಷ ನಿಂತು ನೋಡಿ ಮರಳಿದರು. ಇಡೀ ಆಫೀಸು ನೋಡಿತು. ಎಚ್ಚರವಾದಾಗ ಹೆಡ್ ಕ್ಲರ್ಕರು ಅಂಗಿಯ ಕಲೆ ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಜೀವನದಲ್ಲಿ ಮತ್ತೊಂದು ಬರಲಿಲ್ಲ. ಇದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ.

ನಾಚಿಕೆ ಇರುವುದು ಬೇರೆಯದಕ್ಕೆ. ಹೊಸ ಕ್ರಮ ಬಂದ ಆ ಹತ್ತು ಹನ್ನೆರಡು ದಿನ ಬಾಯಿ ಮಧ್ಯಾಹ್ನದ ಮೇಲೆ ಸೆರಗನ್ನು ಎದೆಯ ಸುತ್ತ ಬಿಗಿಯಾಗಿ ಸುತ್ತಿಕೊಂಡು ಟೈಪು ಮಾಡುತ್ತಿದ್ದರು. ಮಳೆಗಾಲದ ಚಳಿ ಎಂದುಕೊಂಡೆ. ಮೇಲಿಂದ ಮೇಲೆ ಬಚ್ಚಲಿಗೆ ಹೋಗಿ ಬರುತ್ತಿದ್ದರು, ಬಂದು ಕುಳಿತರೆ ಸೆರಗು ಒದ್ದೆಯಾಗಿರುತ್ತಿತ್ತು. ಹಾಲು ಕಟ್ಟಿ ಹೀಗಾಗುತ್ತದೆ ಎಂಬುದು ಮದುವೆಯಾಗದ ನನಗೆ ತಿಳಿಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಅವರು ಒಂದು ಗಂಟೆಗೆ ಓಡುತ್ತಿದ್ದದ್ದು ಯಾಕೆಂದು ನನಗೆ ಗೊತ್ತಿತ್ತು. ಧಣಿಗಳ ಮುಂದೆ ನಿಂತಾಗ ಅದು ನೆನಪಿಗೇ ಬರಲಿಲ್ಲ.

ಹೊಸ ಕ್ರಮದ ಎರಡನೆಯ ವಾರದ ಶನಿವಾರ ಬಾಯಿ ಕೆಲಸ ಬಿಡುವ ಕಾಗದ ತಾವೇ ಟೈಪು ಮಾಡಿ ಹೆಡ್ ಕ್ಲರ್ಕರ ಮೇಜಿನ ಮೇಲಿಟ್ಟರು. "ಮಗು ಡಬ್ಬದ ಹಾಲು ಮುಟ್ಟುವುದಿಲ್ಲ ಸರ್. ಎಂತ ಮಾಡುವುದು" ಎಂದರು. ಹೆಡ್ ಕ್ಲರ್ಕರು ಅದನ್ನು ಓದಿ, ಎದ್ದು, ಅರೆಬಾಗಿಲು ತಳ್ಳಿಕೊಂಡು ಧಣಿಗಳ ಕೋಣೆಗೆ ಹೋದರು. ಒಳಗಿನ ಮಾತು ನಮಗೆ ಸ್ಪಷ್ಟವಾಗಿ ಕೇಳಿಸಿತು.

"ಬಾಯಿಗೆ ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಡಿ ಧಣಿ. ಸಣ್ಣ ಮಗು ಉಂಟು. ನನ್ನ ಸಂಬಳದಲ್ಲಿ ಬೇಕಾದರೆ ಹಿಡಿಯಿರಿ."

"ಆಗುವುದಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ. ಡಿಸ್ಪ್ಯಾಚಿನವರು ಮೊದಲೇ ಹೇಳಿದ್ದಾರೆ, ಸರಿಯಾಗಿಯೇ ಹೇಳಿದ್ದಾರೆ."

ಬಾಯಿ ಟೈಪ್‌ರೈಟರಿಗೆ ಹೊದಿಕೆ ಹಾಕುತ್ತಿದ್ದವರು ನನ್ನ ಕಡೆ ತಿರುಗಿದರು. "ನೀವಾ?" ಎಂದು ಕೇಳಿದರು. ನಾನು ಹೌದೆಂದೆ. ಅವರು ಛತ್ರಿ ತೆಗೆದುಕೊಂಡು ಹೊರಟರು.

ನಾನು ಎದ್ದು ಒಳಗೆ ಹೋಗಿ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳಬಹುದಿತ್ತು. ಹೆಡ್ ಕ್ಲರ್ಕರು ಇನ್ನೂ ಒಳಗೇ ಇದ್ದರು, ಎರಡನೆಯ ಸಲ ಕೇಳುತ್ತಿದ್ದರು. ಅವರ ಪಕ್ಕದಲ್ಲಿ ನಿಂತು ಅದೇ ಮಾತನ್ನು ಬೇಡುವುದು ನನ್ನಿಂದಾಗಲಿಲ್ಲ. ಲಕೋಟೆ ವಿಂಗಡಿಸುತ್ತಾ ನಿಂತೆ. ಬಾಯಿಗಾಗಿ ಕೇಳಬೇಕಾದವನು ನಾನು. ಅದನ್ನೂ ಆ ಮನುಷ್ಯನೇ ಕೇಳಿಬಿಟ್ಟ. ಉಳಿದದ್ದೆಲ್ಲ ಲೆಕ್ಕ ಚುಕ್ತಾ ಆಗಿದೆ. ಅದೊಂದಕ್ಕೆ ಮಾತ್ರ ನಾನು ಅವನನ್ನು ಕ್ಷಮಿಸಿಲ್ಲ.